ನಿವ್ವಳ ತೂಕ ನೂರಾ ಎಪ್ಪತ್ತು

ತೂಕದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ! ಹತ್ತೊಂಬತ್ತು ವರ್ಷಗಳಿಂದ ನಾನು ಜಮಖಂಡಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಾಟಾದ ಗುಮಾಸ್ತ. ಕಾಟಾ ಎಂದರೆ ಕಬ್ಬು ಹೇರಿದ ಟ್ರ್ಯಾಕ್ಟರನ್ನು ಟ್ರ್ಯಾಲಿ ಸಮೇತ ತೂಗುವ, ನೆಲಕ್ಕೇ ಹಾಸಿದ ದೊಡ್ಡ ತಕ್ಕಡಿ. ತುಂಬಿ ಬಂದಾಗಿನ ತೂಕದಲ್ಲಿ ಖಾಲಿ ಹೋಗುವಾಗಿನ ತೂಕ ಕಳೆದರೆ ನಿವ್ವಳ. ಕಬ್ಬು ಅರೆಯುವ ಹಂಗಾಮಿನಲ್ಲಿ ದಿನಕ್ಕೊಬ್ಬ ರೈತನಾದರೂ ನನ್ನ ಕಿಟಕಿಯೊಳಗೆ ತಲೆ ತೂರಿಸಿ, "ಸಾಹೇಬ್ರ, ಎಣಿಸಿ ಎಣಿಸಿ ಕಬ್ಬಿನ ಹೊರಿ ಹೇರೇನಿ, ತೂಕಾ ಇಷ್ಟಽ ಹ್ಯಾಂಗ ಬಂತು?" ಎಂದು ಜಗಳ ತೆಗೆಯುತ್ತಾನೆ. ಆಗ ನಾನು ಕನ್ನಡಕ ಕೆಳಗಿಳಿಸಿ, ನ್ಯಾಯಾಧೀಶರ ಗತ್ತಿನಲ್ಲಿ, "ಹೊರಿ ಎಣಸಬ್ಯಾಡ್ರಿ, ಕಾಟಾ ನೋಡ್ರಿ. ಒಂದ ಹೊರಿ ಸಣ್ಣದಿರತೈತಿ, ಒಂದ ದೊಡ್ಡದಿರತೈತಿ" ಎನ್ನುತ್ತೇನೆ. ರೈತ ತಲೆ ಹೊರಗೆಳೆದುಕೊಂಡು ಹೋಗುತ್ತಾನೆ.

ಇಂಥ ನಾನು ಹೋದ ಜೂನ್‌ನಲ್ಲಿ, ಹಂಗಾಮು ಮುಗಿದು ಕೈ ಖಾಲಿ ಇದ್ದಾಗ, ಮನೆಯ ತೂಕಕ್ಕೆ ಕೈಹಾಕಿದೆ. ಬನಹಟ್ಟಿ ಪೇಟೆಯಿಂದ ನಿಂತು ನೋಡುವ ತೂಕದ ಯಂತ್ರ ತಂದೆ. ನಾನು ಎಂಬತ್ತೆಂಟು! ಹೆಂಡತಿ ಗಂಗಾಂಬಿಕಾ ಎಪ್ಪತ್ತಾರು! ಅಂದೇ ಘೋಷಣೆ ಹೊರಡಿಸಿದೆ.

"ನೋಡು ಗಂಗಾ, ಇದು ಬರೇ ಗಣಿತ. ಬಾಯಾಗ ಹೋಗೋ ಕ್ಯಾಲೊರಿ ಒಳಬರೂದು, ಮೈ ಸುಡೋ ಕ್ಯಾಲೊರಿ ಹೊರಹೋಗೂದು. ದಿನಾ ಏಳುನೂರು ಕಡಿಮಿ ತಿಂದ್ರ ದಸರಾಕ್ಕ ತಲಿಗೆ ಎಂಟ ಕಿಲೋ ಇಳೀಲೇಬೇಕು!"

"ನನಗ ಗಣಿತ ಬ್ಯಾಡ್ರಿ, ದವಾಖಾನಿ ಬೇಕು," ಎಂದಳು ಅವಳು. "ಎರಡ ಮೆಟ್ಟಲಾ ಹತ್ತಿದ್ರ ದಣಿವು. ಕೂದ್ಲಾ ಮುಷ್ಟಿ ಮುಷ್ಟಿ ಉದರಾಕತ್ತಾವ. ಡಾಕ್ಟರಬಾಯಿ ಥೈರಾಯ್ಡ ಪರೀಕ್ಷಾ ಮಾಡಸ್ರಿ ಅಂತ ಚೀಟಿ ಬರದ ಕೊಟ್ಟಾರ. ಹಾರ್ಮೋನ್ ಏರುಪೇರಾದ್ರೂ ತೂಕಾ ಏರತೈತಂತ."

"ಹಾರ್ಮೋನ್!" ನಾನು ನಕ್ಕೆ. "ಅದು ಕಣ್ಣಿಗೆ ಕಾಣೂದಿಲ್ಲ, ಕಾಟಾಕ್ಕ ಸಿಗೂದಿಲ್ಲ. ತಿಂದದ್ದನ್ನ ಒಪ್ಪಿಕೊಳ್ಳಾಕ ಮನಸಿಲ್ಲದೋರು ಹುಡುಕಿದ ನೆಪಾ ಅದು!"

ರಬಕವಿಯ ನೇಕಾರರ ಓಣಿಯ ಹುಡುಗಿ ಅವಳು. ಮದುವೆಯಾದ ಹೊಸತರಲ್ಲಿ ಅವಳ ನಡಿಗೆಗೆ ನಾನು ಓಡಬೇಕಾಗುತ್ತಿತ್ತು. ಈಗ ಜಮಖಂಡಿಯ ಬೇಸಿಗೆಯಲ್ಲೂ, ಮಂದಿ ಬನಿಯನ್ನು ಕಳಚಿ ಕೂತಿರುವಾಗ, ಅವಳು ಶಾಲು ಹೊದ್ದು ಕೂರುತ್ತಿದ್ದಳು. ನಾನು ಅದಕ್ಕೆ ಆಲಸ್ಯ ಎಂದು ಹೆಸರಿಟ್ಟೆ. ಆ ಚೀಟಿ ಏನಾಯಿತೆಂದರೆ, ನಾನು ಹೊಸದಾಗಿ ತೆರೆದ ಕ್ಯಾಲೊರಿ ವಹಿಯಲ್ಲಿ ಪುಟ ಗುರುತಿಗೆ ಸೇರಿಕೊಂಡಿತು.

ವಹಿಯೆಂದರೆ ವಹಿ! ಎಡಕ್ಕೆ ಅವಳದು, ಬಲಕ್ಕೆ ನನ್ನದು. ಚಹಾದ ಸಕ್ಕರೆ ತೂಗಲು ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ಬಂತು. ತಟ್ಟೆ ಸಣ್ಣದಿದ್ದರೆ ಊಟವೂ ಸಣ್ಣದಾಗುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದೇ ತಡ, ಹಳೆಯ ದೊಡ್ಡ ಗಂಗಾಳಗಳನ್ನು ಅಟ್ಟಕ್ಕೇರಿಸಿ ಎರಡು ಪುಟ್ಟ ತಟ್ಟೆ ತಂದೆ. ಮಧ್ಯಮ ಗಾತ್ರದ ಜೋಳದ ರೊಟ್ಟಿಗೆ ನೂರಿಪ್ಪತ್ತು ಕ್ಯಾಲೊರಿ ಎಂದು ಅದೇ ಮೊಬೈಲು ಹೇಳಿತು. ಹೊತ್ತಿಗೆ ತಲಾ ಎರಡೇ ರೊಟ್ಟಿ ಎಂದು ಕಾನೂನು ಮಾಡಿದೆ.

ಮೊದಲ ವಾರ ನನ್ನ ಸಿಟ್ಟಿಗೆ ಮಿತಿಯೇ ಇರಲಿಲ್ಲ. ಹಾಲಿನವನ ಮೇಲೆ ರೇಗಿದೆ, ಕ್ಯಾಲೆಂಡರಿನ ಮೇಲೆ ರೇಗಿದೆ, ಪಕ್ಕದ ಮನೆಯಿಂದ ಬಂದ ಒಗ್ಗರಣೆಯ ವಾಸನೆಯ ಮೇಲೂ ರೇಗಿದೆ! ಎರಡನೇ ವಾರದಿಂದ ಹಸಿವು ತಾನಾಗಿ ಶಾಂತವಾಯಿತು. ರೊಟ್ಟಿ ತಟ್ಟೆಯ ಅಂಚು ದಾಟಿ ನಾಲ್ಕೂ ಕಡೆ ಇಳಿಬಿದ್ದಿರುತ್ತಿತ್ತು. ಸಣ್ಣ ತಟ್ಟೆಯ ಮಹಿಮೆ ಎಂದು ಹೆಂಡತಿಗೆ ತೋರಿಸಿದೆ. ಅವಳು ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಸೆಪ್ಟೆಂಬರ್ ಬಂತು. ವಹಿಯ ಪ್ರಕಾರ ನಾನು ಎಂಬತ್ತಾಗಿರಬೇಕಿತ್ತು. ಯಂತ್ರ ತೊಂಬತ್ತು ಎಂದಿತು! ಅವಳು ಅರವತ್ತೆಂಟಾಗಿರಬೇಕಿತ್ತು. ಎಪ್ಪತ್ತೇಳು! ಗಣಿತ ತಪ್ಪಾಗುವುದು ಸಾಧ್ಯವೇ ಇಲ್ಲ, ಹಾಗಾದರೆ ಮನೆಯಲ್ಲಿ ಕಳ್ಳತನ ನಡೆದಿದೆ ಎಂದು ತೀರ್ಮಾನಿಸಿದೆ. ಕಳ್ಳ ನಾನಲ್ಲ. ಉಳಿದವರು ಒಬ್ಬರೇ. ಗುಟ್ಟಾಗಿ ಕರದಂಟಿನ ಡಬ್ಬಿಗೆ ಒಂದು ಕರಿ ದಾರ ಬಿಗಿದು ಗಂಟು ಹಾಕಿದೆ.

ಹದಿನೈದು ದಿನ ದಾರ ಹಾಗೇ ಇತ್ತು. ಗಂಟು ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ನೇಕಾರರ ಮಗಳಿಗೆ ಯಾರು ಸಾಟಿ ಎಂದುಕೊಂಡೆ! ಹದಿನಾರನೇ ದಿನ ಅವಳೇ ಡಬ್ಬಿ ಹಿಡಿದು ನನ್ನೆದುರು ನಿಂತಳು.

"ಏನ್ರಿ ಇದು ಕರಿ ದಾರಾ? ಯಾರರ ಮಾಟಾ ಮಾಡಸ್ಯಾರೇನು?"

ನಾನು ಪೇಪರು ಬಿಡಿಸಿ ಓದಿದೆ. ಪೇಪರು ತಲೆಕೆಳಗಾಗಿತ್ತು. ಅವಳಿಗೆ ಅರ್ಥವಾಯಿತು.

"ಹದಿನೆಂಟ ವರ್ಷ ಆತು ನಿಮ್ಮ ಮನಿಗೆ ಬಂದು," ಎಂದಳು. "ನಾ ಕದ್ದ ತಿನ್ನಾಕಿ ಅಂತ ಇವತ್ತ ಗೊತ್ತಾತೇನ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣು ಒರೆಸಿಕೊಂಡಳು ನೋಡಿ, ಪೇಪರು ಕೆಳಗಿಟ್ಟೆ. ತಪ್ಪಾಯಿತು ಅನ್ನುವುದನ್ನು ಬಿಟ್ಟು ಬಾಯಿಂದ ಬೇರೆಯೇ ಮಾತು ಬಂತು. "ತಪ್ಪ ನಂದೂ ಅಲ್ಲ, ನಿಂದೂ ಅಲ್ಲ. ಯಂತ್ರಾನಽ ಸುಳ್ಳ ಹೇಳಾಕತ್ತೈತಿ! ನಡಿ, ನಮ್ಮ ಕಾಟಾದ ಮ್ಯಾಲ ನೋಡೂಣು."

ಭಾನುವಾರ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕಾರ್ಖಾನೆಗೆ ಹೋದೆ. ಹಂಗಾಮಿನ ಪೂರ್ವತಯಾರಿಗೆಂದು ಕಾಟಾ ಆಗತಾನೇ ಪರೀಕ್ಷೆಯಾಗಿತ್ತು. ಅದು ಹತ್ತು ಹತ್ತು ಕಿಲೋ ಮೆಟ್ಟಿಲಲ್ಲಿ ಮಾತ್ರ ತೂಕ ತೋರಿಸುತ್ತದೆ ನಿಜ. ಆದರೆ ನನ್ನ ವಹಿಯ ಪ್ರಕಾರ ಇಬ್ಬರೂ ಸೇರಿ ಹದಿನಾರು ಕಿಲೋ ಇಳಿದಿದ್ದೆವಲ್ಲ! ನೂರಾ ಅರವತ್ತನಾಲ್ಕರಿಂದ ನೂರಾ ನಲವತ್ತೆಂಟು. ಕಾಟಾ ನೂರಾ ಐವತ್ತು ತೋರಿಸಿದರೆ ಸಾಕು, ಸಂಸಾರ ಉಳಿಯುತ್ತದೆ.

ಅರವತ್ತು ಟನ್ ಹೊರುವ ಆ ಕಬ್ಬಿಣದ ಹಾಸಿನ ಮೇಲೆ ನಾವಿಬ್ಬರೂ ಮದುವೆ ಫೋಟೋಕ್ಕೆ ನಿಂತಂತೆ ನಿಂತೆವು. ಕಿಟಕಿಯೊಳಗೆ ಕೆಂಪು ಅಂಕಿ ಹೊತ್ತಿಕೊಂಡಿತು. ನೂರಾ ಎಪ್ಪತ್ತು!

"ಇಷ್ಟ ದೊಡ್ಡ ಯಂತ್ರಾನೂ ಸುಳ್ಳ ಹೇಳತೈತೇನ್ರಿ?" ಎಂದಳು ಗಂಗಾ.

ಒಮ್ಮೆ ಹಿಡಿದ ಅಂಕಿಯನ್ನು ನಾವು ಇಳಿದರೂ ಕಾಟಾ ಬಿಡುವುದಿಲ್ಲ, ಗುಂಡಿ ಒತ್ತಿಯೇ ಅಳಿಸಬೇಕು. ಒಳಗೆ ಹೋಗಿ ಅಂಕಿ ಅಳಿಸಲು ಗುಂಡಿ ಒತ್ತಿದೆ. ಹತ್ತೊಂಬತ್ತು ವರ್ಷದ ಅಭ್ಯಾಸ! ಬೆರಳು ಒತ್ತಿದ್ದು ಅಳಿಸುವ ಗುಂಡಿಯನ್ನಲ್ಲ, ಚೀಟಿ ತೆಗೆಯುವ ಗುಂಡಿಯನ್ನು. ಯಂತ್ರ ಕರ್‌ಕರ್ ಎಂದು ಚೀಟಿ ಉಗುಳಿತು. ಹರಿದು ಕಿಸೆಗಿಟ್ಟುಕೊಂಡು ತಲೆತಗ್ಗಿಸಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಮ್ಯಾನೇಜರ ಕೋಣೆಯಿಂದ ಕರೆ ಬಂತು. ಕಾಲ ಬದಲಾಗಿದೆ ನೋಡಿ! ಚೀಟಿ ಹೊರಬಿದ್ದ ಕೂಡಲೇ ರೈತನ ಮೊಬೈಲಿಗೂ ಸಂದೇಶ ಹೋಗುತ್ತದೆ. ಕಂಪ್ಯೂಟರಿನಲ್ಲಿ ಹೋದ ಹಂಗಾಮಿನ ಕೊನೆಯ ಹೆಸರು ಹಾಗೇ ಕೂತಿತ್ತು. ಹುನ್ನೂರಿನ ಅಮಸಿದ್ದಪ್ಪ. ಅವರು ರುಮಾಲು ಬಿಗಿದುಕೊಂಡು, ಮೊಬೈಲು ಮುಂದೆ ಹಿಡಿದು ನಿಂತಿದ್ದರು.

"ನೋಡ್ರಿ ಇಲ್ಲೆ! 'ನಿಮ್ಮ ಕಬ್ಬು ತಲುಪಿದೆ, ನಿವ್ವಳ ತೂಕ ಸೊನ್ನೆ ಬಿಂದು ಒಂದು ಏಳು ಟನ್.' ಕಾರ್ಖಾನಿ ಚಾಲೂನಽ ಆಗಿಲ್ಲ, ನನ್ನ ಕಬ್ಬ ಯಾಂವ ಕಡದ? ಮುಂಜಾನಿಂದ ನಾಕ ಎಕರೆ ಸುತ್ತೇನಿ, ಒಂದ ಗಳಾ ಕಮ್ಮಿ ಇಲ್ಲ!"

"ಈಶ್ವರ ಅವ್ರಽ, ಏನ್ರಿ ಇದು?" ಎಂದರು ಮ್ಯಾನೇಜರು ನನ್ನತ್ತ ತಿರುಗಿ.

"ಸರ್... ಅದು ಕಬ್ಬಲ್ಲ."

"ಮತ್ತೇನು?"

"ನಾನು, ಸರ್. ಮತ್ತ... ನಮ್ಮ ಮನಿಯವರು."

ಮ್ಯಾನೇಜರು ಪೆನ್ನು ಕೆಳಗಿಟ್ಟರು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಚೀಲದಿಂದ ಕ್ಯಾಲೊರಿ ವಹಿ ತೆಗೆದು, ಮೂರು ತಿಂಗಳ ಲೆಕ್ಕ ತೋರಿಸಿ, ಗಣಿತದ ಸಿದ್ಧಾಂತವನ್ನು ವಿವರಿಸಹೊರಟೆ. ಪುಟಗಳ ನಡುವೆ ಗುರುತಿಗಿಟ್ಟಿದ್ದ ಡಾಕ್ಟರ ಚೀಟಿ ಜಾರಿ ಅಮಸಿದ್ದಪ್ಪನವರ ಕಾಲ ಬಳಿ ಬಿತ್ತು. ಅವರು ಎತ್ತಿಕೊಂಡು, ದೂರ ಹಿಡಿದು, ನಿಧಾನವಾಗಿ ಓದಿದರು.

"ಇದಽ ಪರೀಕ್ಷಾ ನಮ್ಮ ಮನ್ಯಾಕಿಗೂ ಬರದಿದ್ರು," ಎಂದರು. ಸಿಟ್ಟು ಇಳಿದು ದನಿ ಮೆತ್ತಗಾಗಿತ್ತು. "ಕೂತಲ್ಲೇ ಕೂತಿರತಿದ್ಲು. ಬ್ಯಾಸಗ್ಯಾಗೂ ಕೌದಿ ಬೇಡತಿದ್ಲು. ಗುಳಿಗಿ ಚಾಲೂ ಮಾಡಿದ ಮ್ಯಾಲ ಮನಷಾಳಾದಳು. ಅಲ್ರಿ ಸಾಹೇಬ್ರ, ಇದರ ಮ್ಯಾಲ ತಾರೀಕು ಜೂನದ ಐತಿ. ತಂಗಿನ್ನ ಇನ್ನೂ ದವಾಖಾನಿಗೆ ಒಯ್ದಿಲ್ಲೇನು?"

ಮ್ಯಾನೇಜರು ಬೈದದ್ದು ನನಗೆ ನೆನಪಿಲ್ಲ. ಆ ಪ್ರಶ್ನೆ ಮಾತ್ರ ಇಂದಿಗೂ ಕಿವಿಯಲ್ಲಿದೆ. ಅಂದೇ ಅರ್ಧ ದಿನ ರಜೆ ಹಾಕಿ ಗಂಗಾಳನ್ನು ಪರೀಕ್ಷೆಗೆ ಕರೆದೊಯ್ದೆ. ದಾರಿಯಲ್ಲಿ ತಪ್ಪಾಯಿತೆಂದೂ ಹೇಳಿದೆ. ಬೈಕಿನ ಸದ್ದಿನಲ್ಲಿ ಕೇಳಿಸಿಲ್ಲವೆಂದಳು. ಎರಡು ಸಲ ಹೇಳಬೇಕಾಯಿತು.

ವರದಿ ನೋಡಿ, ಆ ಚೀಟಿ ಬರೆದಿದ್ದ ಡಾಕ್ಟರ್ ರೇಷ್ಮಾ ನನ್ನತ್ತ ತಿರುಗಿದರು. "ಥೈರಾಯ್ಡ ಭಾಳ ಕಡಿಮಿ ಐತ್ರಿ. ಇವರ ಮೈ ಖರ್ಚು ಮಾಡೂದನ್ನಽ ಕಡಿಮಿ ಮಾಡೇತಿ, ಮ್ಯಾಲ ನೀರು ತುಂಬಿ ಬಾವೂ ಬಂದೈತಿ. ನೀವು ಒಳಗ ಹೋಗೂದನ್ನ ಬರದೀರಿ, ಹೊರಗ ಹೋಗೂದು ಎಲ್ಲಾರಿಗೂ ಒಂದಽ ಅಂತ ಹಿಡದೀರಿ."

ಎಲ್ಲ ಟ್ರ್ಯಾಲಿಗೂ ಒಂದೇ ಖಾಲಿ ತೂಕ ಹಿಡಿದ ಗುಮಾಸ್ತನನ್ನು ಕಾರ್ಖಾನೆಯಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ! ನಾನು ಮೂರು ತಿಂಗಳು ಮನೆಯಲ್ಲಿ ಅದನ್ನೇ ಮಾಡಿದ್ದೆ.

ಗುಳಿಗೆ ಶುರುವಾಯಿತು. ಡಿಸೆಂಬರ್ ಹೊತ್ತಿಗೆ ಶಾಲು ಪೆಟ್ಟಿಗೆ ಸೇರಿತು, ಅದೂ ಚಳಿಗಾಲದಲ್ಲಿ! ಗಂಗಾ ಒಂದೇ ಉಸಿರಿಗೆ ಮಾಳಿಗೆ ಹತ್ತಿ ಹಪ್ಪಳ ಹಾಕಿ ಬಂದಳು. ಸಂಜೆ ವಾಕಿಂಗಿನಲ್ಲಿ ನಾನು ಮತ್ತೆ ಅವಳ ಹಿಂದೆ ಓಡತೊಡಗಿದೆ. ಹಾಗೆ ಓಡುವಾಗ ಇಷ್ಟು ಖುಷಿಯಾಗುತ್ತದೆಂದು ಮರೆತೇಹೋಗಿತ್ತು. ಯಂತ್ರ ಎಪ್ಪತ್ತಮೂರು ತೋರಿಸಿತು.

ಮತ್ತೆ ನಾನು? ಅದೇ ಎರಡು ರೊಟ್ಟಿ, ತೊಂಬತ್ತೊಂದು! ಆ ಕ್ಷಣವೇ ಪಕ್ಷಾಂತರ ಮಾಡಿದೆ. ಕಾಟಾದ ಕಿಟಕಿಯಿಂದ ಕಂಡಕಂಡವರಿಗೆ ಉಪದೇಶ ಕೊಟ್ಟೆ: "ಕ್ಯಾಲೊರಿ ಗಿಲೊರಿ ಎಲ್ಲಾ ಸುಳ್ಳು. ಹಾರ್ಮೋನ್ ಒಂದಽ ಖರೆ!" ಡಾಕ್ಟರ ಮುಂದೆ ಎದೆಯುಬ್ಬಿಸಿ ಕೂತು, ಇರುವಷ್ಟು ಹಾರ್ಮೋನ್ ಪರೀಕ್ಷೆ ಮಾಡಿ ಎಂದೆ.

"ನಿಮ್ಮವು ಎಲ್ಲಾ ಛಲೋ ಅದಾವ," ಎಂದರು ಅವರು ವರದಿ ಮಡಚಿ. "ಊಟಾ ಎಷ್ಟು?"

"ಹೊತ್ತಿಗೆ ಎರಡಽ ರೊಟ್ಟಿರಿ. ವಹಿ ಐತಿ!"

"ಎಷ್ಟ ದೊಡ್ಡ ರೊಟ್ಟಿ?"

ವಹಿಯಲ್ಲಿ ರೊಟ್ಟಿಯ ಎಣಿಕೆ ಇತ್ತು, ತೂಕ ಇರಲಿಲ್ಲ.

ಮನೆಗೆ ಬಂದವನೇ ಅಡುಗೆಮನೆಗೆ ನುಗ್ಗಿದೆ. ಗ್ರಾಂ ಲೆಕ್ಕದಲ್ಲಿ ಸಕ್ಕರೆ ತೂಗಿದ ಆ ಪುಟ್ಟ ತಕ್ಕಡಿಯ ಮೇಲೆ ಇದೇ ಮೊದಲ ಸಲ ರೊಟ್ಟಿ ಇಟ್ಟೆ. ಅವಳ ತಟ್ಟೆಯದು ಐವತ್ತೆರಡು ಗ್ರಾಂ. ನನ್ನ ತಟ್ಟೆಯದು ನೂರಾ ನಲವತ್ತೆಂಟು!

"ಗಂಗಾ! ಏನಿದು?"

"ಎರಡಽ ಅಂದ್ರಿ, ಎರಡಽ ಬಡದೇನಿ," ಎಂದಳು ಒಲೆಯಿಂದ ಕಣ್ಣು ತೆಗೆಯದೆ. "ಹಸದು ಕ್ಯಾಲೆಂಡರಿಗೂ ಬೈಯಾಕತ್ತಿದ್ರಿ. ನಿಮ್ಮ ಮಾರಿ ನೋಡಾಕ ಆಗಲಿಲ್ಲ. ಕನಿಕರಕ್ಕ ದೊಡ್ಡು ಮಾಡಿದ್ನಿ."

"ಆಮ್ಯಾಲ?"

"ಆಮ್ಯಾಲ ಡಬ್ಬಿಗೆ ದಾರಾ ಕಟ್ಟಿದ್ರಲ್ಲ? ಅವತ್ತಿನಿಂದ ಸಿಟ್ಟಿಗೆ!"

"ಬಾಯಿಬಿಟ್ಟ ಒಂದ ಮಾತ ಹೇಳಬಾರದೇನು?"

ಅವಳು ತಕ್ಕಡಿಯ ಮೇಲಿನ ರೊಟ್ಟಿಯನ್ನೆತ್ತಿ, ಸರಿಯಾಗಿ ಮೂರು ಪಾಲು ಮಾಡಿ, ಒಂದನ್ನು ನನ್ನ ಪುಟ್ಟ ತಟ್ಟೆಗೆ ಹಾಕಿದಳು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಕೆಳಗಿಳಿಸಿದಂತೆ ಮಾಡಿ, ನನ್ನದೇ ಗತ್ತಿನಲ್ಲಿ ಹೇಳಿದಳು:

"ಹೊರಿ ಎಣಸಬ್ಯಾಡ್ರಿ ಸಾಹೇಬ್ರ, ಕಾಟಾ ನೋಡ್ರಿ!"