ಕುಂಕುಮವಿಟ್ಟ ದಿನ ಗುರಿ ಹಿಡಿದ ಡೈ ಅವರಿಗೆ

ಶ್ಯಾಂಟಿಲಿ, ವರ್ಜೀನಿಯಾ
ಅಕ್ಟೋಬರ್ 19, 1997

ನಮ್ಮ ಗ್ಯಾರೇಜಿನ ಮೇಜಿನ ಮೇಲೆ, ತೋಟೆ ತಯಾರಿಸುವ ಪ್ರೆಸ್ಸಿನ ನೆತ್ತಿಯಲ್ಲಿ ವಿರಾಜಮಾನರಾಗಿರುವ ಸೀಟಿಂಗ್ ಡೈ ಅವರ ಸನ್ನಿಧಿಗೆ, ಅದೇ ಮೇಜಿನ ಮುಂದಿನ ಸ್ಟೂಲಿನಿಂದ ಐತಪ್ಪ ಮಾಡುವ ಬಹಿರಂಗ ಅರಿಕೆ.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ದಿನವೂ ತಮ್ಮ ಮೈ ಒರೆಸುವವನು ನಾನೇ. ನಾನು ಮನೆಯಲ್ಲೇ ಮಾಡಿಕೊಳ್ಳುವ ತೋಟೆಗಳಲ್ಲಿ ರೈಫಲ್ಲಿನ ಗುಂಡನ್ನು ಹಿತ್ತಾಳೆಯ ಚಿಪ್ಪಿನ ಬಾಯಲ್ಲಿ ಎಷ್ಟು ಆಳಕ್ಕೆ ಕೂರಿಸಬೇಕೆಂಬುದು ತಮ್ಮ ತಲೆಯ ತಿರುಪಿಗೆ ಬಿಟ್ಟ ವಿಷಯ. ಅದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನೂರು ಗಜದಾಚೆಯ ಕಾಗದದ ಮೇಲೆ ನನ್ನ ಐದು ಗುಂಡುಗಳು ಐದು ದಿಕ್ಕು ಹಿಡಿಯುತ್ತವೆ. ಕೈಪಿಡಿ ಹಾಕಿದ ಗಡಿಯೊಳಗೇ ಮೂರು ತಿಂಗಳು ತಮ್ಮನ್ನು ಇಂಚಿನ ಸಾವಿರದಲ್ಲೊಂದು ಭಾಗದಷ್ಟಷ್ಟೇ ತಿರುಗಿಸಿ, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತಾವು ಮಾತ್ರ ಒಂದು ದಿನವೂ ಕೃಪೆ ತೋರಲಿಲ್ಲ. ತಮ್ಮ ಸಹನೆ ದೊಡ್ಡದು.

ಬರುವ ಶನಿವಾರ ಕ್ಲಬ್ಬಿನ ಗುರಿ ಹೊಡೆಯುವ ಸ್ಪರ್ಧೆ. ನಾನು ಬಹುಮಾನದ ಒಂದು ರಿಬ್ಬನ್ನಾದರೂ ತರದಿದ್ದರೆ ತಮ್ಮನ್ನು ಡಬ್ಬಕ್ಕೆ ಹಾಕಿ, ಮೇಜು ತೆರವು ಮಾಡಿ, ಗ್ಯಾರೇಜನ್ನು ನನ್ನ ಹೆಂಡತಿ ಕುಸುಮಾವತಿಯ ಕಾರಿಗೆ ಬಿಟ್ಟುಕೊಡಬೇಕೆಂದು ಮಾತಾಗಿದೆ. ಎರಡು ಚಳಿಗಾಲ ಕಾರಿನ ಗಾಜಿನ ಹಿಮ ಕೆರೆದವಳ ಎದುರು ನಾನು ಯಾವ ಬಾಯಲ್ಲಿ ವಾದಿಸಲಿ?

ಹೀಗಿರುವಾಗ ಹತ್ತನೇ ತಾರೀಕು ಆಯುಧಪೂಜೆ ಬಂತು. ಹುಲ್ಲು ಕತ್ತರಿಸುವ ಯಂತ್ರ, ಕಂಪ್ಯೂಟರ್, ಎರಡು ಕಾರುಗಳ ಸಾಲಿನಲ್ಲಿ ತಮಗೂ ಚೆಂಡುಹೂವು, ಕುಂಕುಮ ಸಂದವು. ಅಂದು ಸಂಜೆ, ಕುಂಕುಮ ಅಳಿಸುವುದು ಬೇಡವೆಂಬ ಭಕ್ತಿಯಿಂದ, ಜನ್ಮದಲ್ಲಿ ಮೊದಲ ಬಾರಿಗೆ ಅಳತೆ ನೋಡದೆ ಇಪ್ಪತ್ತು ಗುಂಡು ಕೂರಿಸಿದೆ. ಮಾಡಬಾರದ ಕೆಲಸ, ಒಪ್ಪಿದೆ. ಮರುದಿನ ಕ್ಲಬ್ಬಿನ ಮೈದಾನದಲ್ಲಿ ಐದು ಹೊಡೆದು ನೋಡಿದರೆ, ಅಬ್ಬಬ್ಬಾ, ಐದೂ ತೂತುಗಳು ಹೆಬ್ಬೆರಳ ಉಗುರಿನಷ್ಟಗಲದ ಒಂದು ಡೈಮ್ ನಾಣ್ಯದಡಿ ಅಡಗಿದ್ದವು! ಖುಷಿಯಲ್ಲಿ ಮೈಮರೆತು ಇಪ್ಪತ್ತನ್ನೂ ಹೊಡೆದು ಮುಗಿಸಿದೆ, ಅಳೆಯಲು ಒಂದನ್ನೂ ಉಳಿಸಲಿಲ್ಲ.

ಮನೆಗೆ ಓಡಿ ಬಂದರೆ ತಾವು ತೊಳೆದಿಟ್ಟ ಲೋಟದಂತೆ ಫಳಫಳ. ತಿರುಪಿನ ಅಂಕಿಗಳ ಮೇಲೆ ಬೊಟ್ಟು ಚಂದ ಕಾಣದೆಂದು ಪೂಜೆಯ ದಿನ ಅದನ್ನು ತಿರುಗಿಸಿದ್ದ ಕುಸುಮಾವತಿ, ಈಗ ಒರೆಸಿ, ಮರಳಿ ತಿರುಗಿಸಿಟ್ಟು, "ನಿಮ್ಮ ಸಾಮಾನು ಮೊದಲು ಇದ್ದ ಹಾಗೇ ಇಟ್ಟಿದ್ದೇನೆ ಮಾರಾಯ್ರೆ" ಎಂದಳು. ಎಷ್ಟು ತಿರುಗಿಸಿದ್ದೆ ಎಂದು ಅಂಗಲಾಚಿದ್ದಕ್ಕೆ ಸಿಕ್ಕ ಉತ್ತರ: "ಎಂತ, ಸ್ವಲ್ಪ. ಸಾರಿಗೆ ಉಪ್ಪು ಹಾಕುವಷ್ಟು."

ಆದ್ದರಿಂದ ತಾವು ದಯಮಾಡಿ ಆ ಶುಭಗಳಿಗೆಯನ್ನು ನೆನಪಿಸಿಕೊಂಡು ಸ್ವಯಂ ತಿರುಗಿಕೊಳ್ಳಬೇಕು. ಅದಾಗದಿದ್ದರೆ ಕುಸುಮಾವತಿಯ ಒಂದು 'ಸ್ವಲ್ಪ' ಇಂಚಿನ ಸಾವಿರದಲ್ಲಿ ಎಷ್ಟು ಭಾಗವೆಂದು ಮುದ್ರೆಯೊತ್ತಿದ ಪ್ರಮಾಣಪತ್ರವನ್ನಾದರೂ ಶುಕ್ರವಾರದೊಳಗೆ ದಯಪಾಲಿಸಬೇಕು.

ಬೆರಳು ಸವೆದರೂ ಭಕ್ತಿ ಸವೆಯದ,
ತಮ್ಮ ವಿಶ್ವಾಸಿ
ಐತಪ್ಪ

ತಾ.ಕ.: ತಮ್ಮ ಉತ್ತರಕ್ಕೆ ಕಾಯಲಾರದೆ ಆಕೆಯ ಕೈಗೇ ತಿರುಪು ಕೊಟ್ಟೆ. ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ತಿರುಗಿಸಿದಳು. ಮತ್ತೆ ಐದೂ ಡೈಮ್‌ನಡಿ! ಈ ಬಾರಿ ಒಂದನ್ನು ಉಳಿಸಿ ಅಳೆದೆ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಒಂದೇ ಗುಂಡು ಹೊಡೆದು ನೋಡಿ, 'ಪ್ರಯೋಜನವಿಲ್ಲ' ಎಂದು ನಾನೇ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದ ಅಳತೆ ಅದು. ಇನ್ನು ರಿಬ್ಬನ್ ಬಂದರೆ ಗ್ಯಾರೇಜು ಯಾರಿಗೆ ಸೇರಬೇಕೆಂದು ಆಕೆ ಕೇಳುತ್ತಿದ್ದಾಳೆ. ತಾವು ಎಂದಿನಂತೆ ಮೌನವಾಗಿರುವುದೇ ನನಗೆ ಕ್ಷೇಮ.