ಬಸ್ಸು ಬಾರದ ದಿನದ ತೆಂಗಿನಕಾಯಿ

ಮದುವೆಯಾದ ಗಂಡಸು ತಾನು ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಹೊಸದಲ್ಲ. ಆದರೆ ಒಂದಿಡೀ ಊರಿನ ಬಸ್ಸುಗಳು ತಡವಾಗಿದ್ದಕ್ಕೆ ಬೈಸಿಕೊಳ್ಳುವ ಯೋಗ ಎಲ್ಲರಿಗೂ ಇರುವುದಿಲ್ಲ. ನಾನು ಪುಣೆಯಲ್ಲಿ ಬಸ್ಸು ಓಡಿಸುವ ಕಚೇರಿಯ ಖರೀದಿ ವಿಭಾಗದ ಗುಮಾಸ್ತ. ಹೊಸ ಬಸ್ಸುಗಳ ಫೈಲು ನನ್ನ ಮೇಜಿನ ಮೇಲಿರುವುದರಿಂದ ಬಸ್ಸುಗಳೂ ಅದೇ ಮೇಜಿನ ಖಾನೆಯೊಳಗಿವೆ ಎಂದು ನನ್ನ ಹೆಂಡತಿ ಗಿರಿಜಾಳ ನಂಬಿಕೆ.

ಅವಳ ಸಿಟ್ಟಿಗೆ ಕಾರಣವೂ ಇತ್ತು. ನಮ್ಮ ಮನೆ ಯೆರವಡಾದಲ್ಲಿ, ಅವಳು ಕಲಿಸುವ ಶಾಲೆ ಊರಿನ ಆ ತುದಿಗೆ. ಹೊಸ ಬಸ್ಸುಗಳು ಬಂದೇ ಬರುತ್ತವೆಂದು ನಮ್ಮ ಕಚೇರಿ ಹಳೆಯವನ್ನು ಮೊದಲೇ ಗುಜರಿಗೆ ಹಾಕಿತ್ತು. ಉಳಿದವು ನಮ್ಮ ಯೆರವಡಾದ ದೊಡ್ಡ ಜೈಲಿನ ಗೋಡೆಯ ಪಕ್ಕ ಕೆಟ್ಟು ನಿಲ್ಲುತ್ತಿದ್ದವು. ಒಳಗಿದ್ದವರಿಗೆ ಬಿಡುಗಡೆಯ ದಿನವಾದರೂ ಗೊತ್ತಿರುತ್ತದೆ, ಸ್ಟಾಪಿನಲ್ಲಿ ನಿಂತವರಿಗೆ ಅದೂ ಇಲ್ಲ ಎಂದು ಅವಳು ಗೊಣಗುತ್ತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಬರುವ ಟೀಚರನ್ನು ನೋಡಿ ನೋಡಿ ಬೇಸತ್ತ ಹೆಡ್‌ಮಿಸ್ಟ್ರೆಸ್, ಹೀಗೇ ಆದರೆ ದೀಪಾವಳಿ ರಜೆಯ ನಂತರ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ಮಕ್ಕಳಿಗೆ ಗಣಿತ ಕಲಿಸುವುದೆಂದರೆ ಗಿರಿಜಾಳಿಗೆ ಜೀವ. ಅದನ್ನು ಅವಳು ಬಿಡಬೇಕಾಗಬಹುದೆಂದು ನೆನೆದರೆ ನನಗೇ ಸಂಕಟವಾಗುತ್ತಿತ್ತು.

ಬಸ್ಸು ಕೊಡಬೇಕಾದ ಕಂಪನಿಯವರು ಮಾತಿನಲ್ಲಿ ಬಹಳ ಸಿಹಿ. ಯಾವಾಗ ಕೇಳಿದರೂ ಬರುವ ಸೋಮವಾರ ಖಂಡಿತ ಎನ್ನುತ್ತಿದ್ದರು. ಸೋಮವಾರ ಎಂದ ಕೂಡಲೇ ನಮ್ಮ ಸಾಹೇಬರು ಮುಹೂರ್ತ ನೋಡಿ, ಹಾರ, ಕುಂಕುಮ, ಬಸ್ಸಿನ ಮುಂದೆ ಒಡೆಯಲು ತೆಂಗಿನಕಾಯಿ ತರಿಸುತ್ತಿದ್ದರು. ಬಸ್ಸು ಬರುತ್ತಿರಲಿಲ್ಲ. ಮುಹೂರ್ತ ತಪ್ಪಿದ ಕಾಯಿಯನ್ನು ಇನ್ನೊಂದು ಮುಹೂರ್ತಕ್ಕೆ ಬಳಸಬಾರದೆಂಬುದು ಸಾಹೇಬರ ಶಾಸ್ತ್ರ. ಹಾಗಾಗಿ ಅದು ಫೈಲು ನೋಡಿಕೊಳ್ಳುವ ನನ್ನ ಚೀಲ ಸೇರುತ್ತಿತ್ತು. ನಾವು ವಿಜಯಪುರದ ಕಡೆಯವರು, ತಲೆತಲಾಂತರದಿಂದ ಶೇಂಗಾ ಚಟ್ನಿ ತಿಂದವರು. ಕಂಪನಿಯವರ ದಯೆಯಿಂದ ಮನೆಯಲ್ಲಿ ಇಡ್ಲಿಗೆ ಕಾಯಿ ಚಟ್ನಿ ರೂಢಿಯಾಯಿತು. ಬಾಗಿಲಲ್ಲೇ ನನ್ನ ಉಬ್ಬಿದ ಚೀಲ ನೋಡಿ ಗಿರಿಜಾ, “ಮತ್ತ ಬಸ್ ಬರಲಿಲ್ಲೇನ್ರಿ?” ಎಂದು ಕೇಳುತ್ತಿದ್ದಳು.

ಕೊನೆಗೆ ಗುತ್ತಿಗೆ ರದ್ದು ಮಾಡಬೇಕೇ ಬೇಡವೇ ಎಂದು ತೀರ್ಮಾನಿಸಲು ಸಭೆ ಕರೆದರು. ರದ್ದಾದರೆ ಮತ್ತೆ ಟೆಂಡರು, ಮತ್ತೆ ಮೊದಲಿನಿಂದ. ರದ್ದಾಗದಿದ್ದರೆ ಮತ್ತೊಂದು ಸೋಮವಾರ. ಹಿಂದಿನ ಸಂಜೆ ಮನೆಯಲ್ಲಿ, ನಾಳೆ ರದ್ದು ಮಾಡಿಸಿಯೇ ಬರುತ್ತೇನೆಂದು ಮೀಸೆ ತಿರುವಿದೆ. ಗಿರಿಜಾ ಇಡ್ಲಿ ಹಿಟ್ಟು ರುಬ್ಬುತ್ತಿದ್ದಳು.

“ಅರಿವಿ ಕತ್ತರಿಸಿದ ಮ್ಯಾಲೆ ಟೇಲರ್‌ನ ಬದಲಿಸಿದ್ರ ಜಂಪರ್ ಆಗೂದಿಲ್ರಿ,” ಎಂದಳು. “ಅವನ ಅಂಗಡ್ಯಾಗ ಹೋಗಿ ಕುಂದರಬೇಕು. ಹೊಲಿದು ಕೊಡೂ ತನಕ ಏಳಬಾರದು.”

ಮರುದಿನ ಸಭೆಯಲ್ಲಿ ಟೇಲರೊಬ್ಬನನ್ನು ಬಿಟ್ಟು ಉಳಿದದ್ದನ್ನೆಲ್ಲ ನನ್ನದೇ ಬುದ್ಧಿಯೆಂಬಂತೆ ಮರಾಠಿಯಲ್ಲಿ ಹೇಳಿದೆ. ಬಸ್ಸುಗಳು ಅರ್ಧ ಸಿದ್ಧವಾಗಿವೆ, ರದ್ದಿನ ನೋಟೀಸು ಕೈಯಲ್ಲಿ ಹಿಡಿದು ಯಾರಾದರೂ ಕಾರ್ಖಾನೆಯಲ್ಲೇ ಕೂರಲಿ ಎಂದೆ. ಆ ‘ಯಾರಾದರೂ’ ನಾನೇ ಆಗಬಹುದೆಂದು ಹೊಳೆದಿರಲಿಲ್ಲ. ಸಾಹೇಬರಿಗೆ ತಕ್ಷಣ ಹೊಳೆಯಿತು. ಹೋಗಿ, ಸೀಟುಗಳಿಲ್ಲದ ಬಸ್ಸುಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅಲ್ಲಿನ ಮ್ಯಾನೇಜರು ಹಾದುಹೋದಾಗಲೆಲ್ಲ ಎದ್ದು ನಮಸ್ಕಾರ ಮಾಡಿ ಮತ್ತೆ ಕೂರುತ್ತಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ, ನಮಸ್ಕಾರ ತಡೆಯಲಾಗಲಿಲ್ಲ. ಸೀಟುಗಳು ಬಂದವು, ಬಣ್ಣ ಬಳಿದದ್ದೂ ಆಯಿತು.

ದೀಪಾವಳಿಗೆ ಮುಂಚೆ ಮೊದಲ ಕಂತಿನ ಬಸ್ಸುಗಳು ಬಂದಿಳಿದವು. ಸಾಹೇಬರ ಕಾಯಿ ಬಸ್ಸಿನ ಮುಂದೆಯೇ ಒಡೆಯಿತು. ರಜೆ ಮುಗಿದ ದಿನ ಗಿರಿಜಾ ಕಿಟಕಿಯ ಪಕ್ಕ ಕೂತು, ಪ್ರಾರ್ಥನೆಗೂ ಮೊದಲೇ ಶಾಲೆ ಮುಟ್ಟಿದಳು. ಸಂಜೆ ಅದನ್ನು ಹೇಳುವಾಗಿನ ಅವಳ ಮುಖ ನೋಡಿ ಆದ ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಮರುದಿನ ಇಡ್ಲಿಯ ಜೊತೆ ತಟ್ಟೆಗೆ ಬಂದದ್ದು ಶೇಂಗಾ ಚಟ್ನಿ. ಕಾಯಿ ಚಟ್ನಿ ಎಲ್ಲಿ ಎಂದು ಕೇಳಿದೆ.

“ಬಸ್ ಬಂದಾವಲ್ರಿ,” ಎಂದಳು. “ಇನ್ನ ಕಾಯಿ ಎಲ್ಲಿಂದ ಬರಬೇಕು?”

ಎರಡನೆಯ ಕಂತು ಬರುವ ಸೋಮವಾರ ಖಂಡಿತ ಎಂದು ಕಂಪನಿಯವರು ಹೇಳಿದ್ದರು. ಇವತ್ತೇ ಆ ಸೋಮವಾರ. ಊರಿಗೆ ಇನ್ನಷ್ಟು ಬಸ್ಸು ಬೇಕು, ಬರಲಿ ಎಂದು ಮನಸಾರೆ ದೇವರಿಗೆ ಕೈಮುಗಿದಿದ್ದೇನೆ. ಆದರೆ ಕಚೇರಿಗೆ ಹೊರಡುವಾಗ, ಯಾಕೋ, ಕೈ ತಾನಾಗಿಯೇ ದೊಡ್ಡ ಚೀಲವನ್ನು ಎತ್ತಿಕೊಂಡಿತು.