ಮೂಗಿನ ತುದಿಯ ವೈರಾಗ್ಯ

ಗುಳ್ಳೆ ಏಳಬೇಕೆಂದರೆ ಬೆನ್ನಿಗೆ ಏಳಬಹುದಿತ್ತು, ತೊಡೆಗೆ ಏಳಬಹುದಿತ್ತು. ಸಾಯಬಣ್ಣನಿಗೆ ಅದು ಕನ್ಯಾ ನೋಡಲು ಹೋಗುವ ದಿನವೇ, ಅದೂ ಮೂಗಿನ ತುತ್ತತುದಿಗೆ ಎದ್ದಿತು. ಕೆಂಪಗೆ, ಗುಲಗಂಜಿಯ ಹಾಗೆ.

ಸೊಲ್ಲಾಪುರದ ಪೇಟೆಯಲ್ಲಿ ನೂಲಿನ ಅಂಗಡಿ ಇಟ್ಟುಕೊಂಡು, ಖಾನಾವಳಿಯ ನೀರುಬ್ಯಾಳಿ ಉಂಡು ಸೋತ ಜೀವ ಅದು. ಮೀಸೆಯ ನರೆ ನೋಡಿ ಎಷ್ಟೋ ಊರಿನ ಬೀಗರು ಹಿಂದೆ ಸರಿದಿದ್ದರು. ಅಕ್ಕಲಕೋಟೆಯ ಶಾಂತಲಿಂಗಪ್ಪ ಸಾವುಕಾರರ ಮಗಳು ಲೀಲಾ ಕೈತಪ್ಪಿದರೆ ಲಗ್ನದ ಮಾತೇ ಮುಗಿಯಿತು.

ಗುಳ್ಳೆಯನ್ನು ನೋಡಬಾರದೆಂದಷ್ಟೂ ಕಣ್ಣು ಅತ್ತಲೇ ಓಡುತ್ತಿತ್ತು. ಒಂದಲ್ಲ, ಎರಡೂ. ಜೋಡಿಯಾಗಿ ಒಳಗೆ ಸರಿದು ಮೂಗಿನ ಬುಡಕ್ಕೆ ಬಂದು ನಿಲ್ಲುತ್ತಿದ್ದವು.

ಮಗ್ಗುಲ ಮನೆಯ ತುಳಜಾಬಾಯಿ ಕಂಡವಳೇ ಎದೆ ಬಡಿದುಕೊಂಡಳು. "ಅಯ್ಯ ನನ್ನಪ್ಪಾ! ಮಾಲಗಣ್ಣ ಆಗ್ಯಾವಲ್ಲೋ! ಹಂಗ ಸಿಕ್ಕೊಂಡು ಬಿಟ್ಟರ ಯಾರು ಕೊಡತಾರೋ ಕನ್ಯಾ? ಡಾಕ್ಟರ ಕಡೆ ಓಡು!"

ಓಡಿದ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಣ್ಣಂದ್ರ ಒಂದ ನೊಗಕ್ಕ ಹೂಡಿದ ಎತ್ತು, ಸಾಯಬಣ್ಣಾ. ಹತ್ತರದ್ದು ನೋಡಿದ್ರ ಎರಡೂ ಒಳಗ ಹೊಳ್ಳತಾವ. ದೂರದ್ದು ನೋಡಿದ್ರ ಎರಡೂ ನೆಟ್ಟಗ ಆಗತಾವ. ಮೂಗು ಬಿಡು, ದೂರ ನೋಡು. ಅಷ್ಟ!"

ಜೋಡಿಗೆ ಬಂದವನು ಗೆಳೆಯ ಬಂಡೆಪ್ಪ. ಅವನಿಗೂ ಲಗ್ನವಾಗಿರಲಿಲ್ಲ, ಆದರೆ ಅವನ ಲಕ್ಷ್ಯವೆಲ್ಲ ಬೀಗರ ಮನೆಯ ಉಪ್ಪಿಟ್ಟಿನ ಮೇಲೆ.

ಅಕ್ಕಲಕೋಟೆಯಲ್ಲಿ ಜಮಖಾನೆ ಹಾಸಿತ್ತು. ಸಾಯಬಣ್ಣ ಕುಳಿತ. ಶಾಂತಲಿಂಗಪ್ಪ ಕೇಳಿದರು, "ಧಂದೆ ಹೆಂಗ ನಡದದರಿ?"

ಅಷ್ಟರಲ್ಲಿ ಗುಳ್ಳೆ ಚುರ್ ಎಂದಿತು. ಕಣ್ಣುಗಳು ಒಳಗೆ ಸರಿದವು. ಉರಿಗೆ ಮಾತೂ ನಿಂತಿತು.

ಮೂಲೆಯಲ್ಲಿ ಕುಳಿತಿದ್ದ ಸಾವುಕಾರರ ಸೋದರತ್ತೆ ಗಂಗುಬಾಯಿ ಗದ್ದಕ್ಕೆ ಕೈ ಹಚ್ಚಿದಳು. "ಶಿವಶಿವಾ! ಮೂಗಿನ ತುದಿಮ್ಯಾಗ ದೃಷ್ಟಿ ಇಟ್ಟಾರ ನೋಡ್ರಿ! ನಮ್ಮ ಮಠದ ಅಪ್ಪಗೋಳು ಧ್ಯಾನಕ್ಕ ಹಿಂಗ ಕುಂದರತಿದ್ದರು!"

ಸಾಯಬಣ್ಣ ಗಾಬರಿಯಾದ. ಡಾಕ್ಟರ ಮಾತು ನೆನಪಾಗಿ ಕಿಟಕಿಯಾಚೆ, ಹೊಲದ ಕೊನೆಯ ಬೇವಿನ ಗಿಡಕ್ಕೆ ಕಣ್ಣು ನೆಟ್ಟ. ಕಣ್ಣೇನೋ ನೆಟ್ಟಗಾದವು. ಆದರೆ ಅದೇ ಗಳಿಗೆಗೆ ಲೀಲಾ ಚಹಾದ ತಾಟು ಹಿಡಿದು ಬಂದಳು, ನಿಂತಳು, ಬಗ್ಗಿದಳು, ಒಳಗೆ ಹೋದಳು.

"ಹುಡುಗಿ ಪಸಂತ ಬಂದಳೇನ್ರಿ?" ಎಂದು ಶಾಂತಲಿಂಗಪ್ಪ ಕೇಳಿದರು.

"ಎಲ್ಲೆದಾಳ್ರಿ ಹುಡುಗಿ?"

ಗಂಗುಬಾಯಿಯ ಕಣ್ಣಲ್ಲಿ ನೀರು. "ಎದುರಿಗಿ ನಿಂತ್ರೂ ಹೆಣ್ಣು ಕಾಣಲಿಲ್ಲ! ಹತ್ತರ ನೋಡಿದ್ರ ಧ್ಯಾನ, ದೂರ ನೋಡಿದ್ರ ವೈರಾಗ್ಯ! ಶಾಂತಲಿಂಗ್ಯಾ, ಇಂಥವರನ್ನ ಸಂಸಾರಕ್ಕ ಎಳದು ಪಾಪ ಕಟಗೋತಿಯೇನೋ?"

"ಇಲ್ರಿ ಅತ್ತೀ, ಗುಳ್ಳಿ ಆಗೇದ್ರಿ!" ಎಂದು ಸಾಯಬಣ್ಣ ಅಂಗಲಾಚಿದ.

"ಕೇಳ್ರಿ! ಧ್ಯಾನಾ ಮುಚ್ಚಿಡಾಕ ಗುಳ್ಳಿ ನೆವಾ ಹೇಳತಾರ, ಎಷ್ಟು ಸಣ್ಣವರಾಗಿ ಮಾತಾಡತಾರ!" ಎಂದು ಶಾಂತಲಿಂಗಪ್ಪ ದಬಕ್ಕನೆ ಕಾಲಿಗೆ ಬಿದ್ದರು.

ಬಿದ್ದವರು ಏಳುವಾಗ ಅವರಿಗೆ ಇನ್ನೊಂದು ಚಿಂತೆ. ಮಂದಿ ಕೂಡಿದೆ, ನಿಶ್ಚಯದ ಸಕ್ಕರೆ ತರಿಸಿದೆ, ಮುಹೂರ್ತ ಹಾಳಾಗಬಾರದು. ಅವರ ಕಣ್ಣು ಮೂರನೆಯ ತಾಟು ಉಪ್ಪಿಟ್ಟು ಬಳಿಯುತ್ತಿದ್ದ ಬಂಡೆಪ್ಪನ ಮೇಲೆ ಬಿತ್ತು.

"ನೀವು ಇವರ ಶಿಷ್ಯರೇನ್ರಿ? ಲಗ್ನ ಆಗೇದೋ?"

ಬಂಡೆಪ್ಪ ತುತ್ತು ನುಂಗಿ, ಸಾಯಬಣ್ಣನನ್ನು ನೋಡಿ, ಲೀಲಾ ನಿಂತ ಬಾಗಿಲನ್ನೂ ನೋಡಿದ. "ಶಿಷ್ಯನ ಹೌದ್ರಿ. ಗುರುಗಳ ಅಪ್ಪಣಿ ಇದ್ರ ಸಂಸಾರ ಮಾಡತೀನ್ರಿ."

"ಲೇ ಬಂಡ್ಯಾ!" ಎಂದ ಸಾಯಬಣ್ಣ.

"ಅಪ್ಪಣಿ ಆತ್ರಿ!" ಎಂದ ಬಂಡೆಪ್ಪ.

ಕ್ಷಣದಲ್ಲಿ ಲೀಲಾಳನ್ನು ತಂದು ಬಂಡೆಪ್ಪನ ಮಗ್ಗುಲಿಗೆ ಕೂಡಿಸಿದರು. ಸಾಯಬಣ್ಣನ ಕೈಯಲ್ಲಿ ಅಕ್ಕಿಕಾಳು ತುರುಕಿದರು. ಈಗಲಾದರೂ ಹುಡುಗಿಯನ್ನು ಕಣ್ತುಂಬ ನೋಡೋಣವೆಂದು ಅವನು ಮುಖ ಎತ್ತಿದ. ಹಾಳು ಗುಳ್ಳೆ ಮತ್ತೆ ಚುರ್ ಎಂದಿತು. ಕಣ್ಣೆರಡೂ ಮೂಗಿಗೆ ಇಳಿದವು, ಎದುರಿನ ಜೋಡಿ ಒಡೆದು ಎರಡೆರಡಾಗಿ ಕಂಡಿತು.

ಸಾಯಬಣ್ಣನಿಗೆ ಜೀವ ಬಂದ ಹಾಗಾಯಿತು. ಕೈ ಚಾಚಿ ಕೂಗಿದ: "ಲೀಲಾ! ಎರಡ ಲೀಲಾ ಅದಾವ್ರಿ! ಒಂದು ನನಗ ಬಿಡ್ರಿ!"

"ಕೇಳಿದಿರೇನು?" ಗಂಗುಬಾಯಿ ಗದ್ಗದಳಾದಳು. "ಇಹದ ಲೀಲಾ ಒಂದು, ಪರದ ಲೀಲಾ ಒಂದು! ಪರದ್ದು ನನಗ ಸಾಕು ಅನ್ನಾಕತ್ತಾರ!"

ಮನೆಯ ಮಂದಿಯೆಲ್ಲ ಒಮ್ಮೆಲೇ ಅಡ್ಡಬಿದ್ದಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಉದ್ದಕ್ಕೆ, ಬಂಡೆಪ್ಪ.